ಚಿತ್ರಕೃಪೆ: ಗೂಗಲ್ ಅಂತ ಹಾಕೋ ಮುಂಚೆ

ಮಲೆನಾಡಿನ ಒಂದು ತಾಲ್ಲೂಕು ಊರಲ್ಲಿ ನಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಶ್ರದ್ಧಾಂಜಲಿ ಫ್ಲೆಕ್ಸು, ಸಹಕಾರಿ ಸಂಘದ ವಾರ್ಷಿಕ ವರದಿ, ಯಾರಾದ್ರೂ ಕವನ ಸಂಕಲನ ತರ್ತೀನಿ ಅಂದ್ರೆ ಅದು, ಎಲ್ಲಾ ಇಲ್ಲೇ ಆಗೋದು. ಕೆಲವು ವರ್ಷದ ಹಿಂದೆ ನಮ್ಮೂರ ಸ್ಕೂಲಿನ ಸ್ಮರಣ ಸಂಚಿಕೆ ಕೆಲಸ ಬಂತು. ಮುಖಪುಟಕ್ಕೆ ಮಳೆಗಾಲದ ಹೊಳೆ ಫೋಟೊನೇ ಬೇಕು ಅಂತ ಸಮಿತಿಯವರು ಹಠ ಹಿಡಿದ್ರು, ನಾನು ಗೂಗಲ್‌ನಲ್ಲಿ ಹುಡುಕಿ ಚೆನ್ನಾಗಿರೋದೊಂದು ಇಳಿಸ್ಕೊಂಡೆ, ಬಲಗಡೆ ಮೂಲೇಲಿ ಸಣ್ಣದಾಗಿ ಯಾರದೋ ಹೆಸರಿತ್ತು, ಕ್ಲೋನ್ ಟೂಲ್ ಹಿಡ್ಕೊಂಡು ಎರಡು ನಿಮಿಷದಲ್ಲಿ ಅಳಿಸ್ದೆ, ಆಮೇಲೆ ದೊಡ್ಡ ಮನಸ್ಸು ಮಾಡಿ ಒಳಪುಟದಲ್ಲಿ ‘ಚಿತ್ರಕೃಪೆ: ಗೂಗಲ್’ ಅಂತ ಹಾಕ್ದೆ. 500 ಕಾಪಿ ಪ್ರಿಂಟಾಗಿ ಬಂತು. ಬಿಡುಗಡೆಗೆ ನಾಲ್ಕು ದಿನ ಇದೆ ಅನ್ನೋವಾಗ ಸಮಿತಿಯವರು ಮುಖಪುಟನೂ ಆ ಒಳಪುಟನೂ ವಾಟ್ಸ್‌ಆಪಲ್ಲಿ ಹಂಚಿದ್ರು, ಸಂಜೆ ಹೊತ್ತಿಗೆ ನಂಗೆ ಫೋನು.

‘ಸಾರ್, ನಿಮ್ಮ ಒಳಪುಟದಲ್ಲಿದಾರಲ್ಲ ಗೂಗಲ್, ಅವ್ರೇ ಮಾತಾಡ್ತಿರೋದು.’

ನಂಗೆ ಅರ್ಥ ಆಗ್ಲಿಲ್ಲ. ಅವ್ರು ಬೈಲೂ ಇಲ್ಲ, ನಿಧಾನಕ್ಕೆ ಹೇಳಿದ್ರು. ‘ಜುಲೈ ಮಳೇಲಿ ಮೂರು ದಿನ ಆ ಬಂಡೆ ಮೇಲೆ ಕೂತಿದ್ದೆ ಸಾರ್, ಜಿಗಣೆ ಕಚ್ಚಿದ ಗುರುತು ಕಾಲಲ್ಲಿ ಇನ್ನೂ ಇದೆ. ಗೂಗಲ್‌ಗೆ ಎಷ್ಟು ಜಿಗಣೆ ಕಚ್ಚಿತ್ತಂತೆ, ಸ್ವಲ್ಪ ಕೇಳಿ ಹೇಳ್ತೀರಾ?’

ಆ ಫೋನು ಬಂದ್ಮೇಲೆ ನಾನು ಓದಿ, ಒಬ್ರು ವಕೀಲ್ರ ಹತ್ರ ಕೂತು ಕೇಳಿ ತಿಳ್ಕೊಂಡಿದ್ದು, ಈಗ ಅಂಗಡೀಲಿ ದಿನಾ ಪಾಲಿಸ್ತಿರೋದು, ಎಲ್ಲಾನೂ ಇಲ್ಲಿ ಬರೀತಿದೀನಿ. ನಾನು ವಕೀಲ ಅಲ್ಲ, ನಿಮ್ಮ ಮೇಲೆ ಕೇಸೇ ಬಿದ್ದಿದ್ರೆ ವಕೀಲ್ರ ಹತ್ರಾನೇ ಹೋಗಿ. ಪೇಜ್ ನಡೆಸೋರು, ಯೂಟ್ಯೂಬ್ ಚಾನೆಲ್ಲವರು, ಜಾತ್ರೆ ಪೋಸ್ಟರ್ ಮಾಡೋರು, ಸ್ವಂತ ದುಡ್ಡಲ್ಲಿ ಪುಸ್ತಕ ತರೋರು, ನಿಮಗೆ ದಿನಾ ಬೇಕಾಗೋ ಅಷ್ಟು ಇದರಲ್ಲಿದೆ.

ಮೊದ್ಲು, ಫೋಟೊ ಯಾರ್ದು ಅಂತ ನೋಡಿ

ನಮ್ಮ ದೇಶದಲ್ಲಿ ಇದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ, ಎಲ್ರೂ ಕಾಪಿರೈಟ್ ಆಕ್ಟ್ ಅಂತೀವಿ. ಅದರ ಪ್ರಕಾರ ಫೋಟೊದ ಕರ್ತೃ ಅಂದ್ರೆ ಫೋಟೊ ತೆಗೆದವರು. ಕ್ಯಾಮೆರಾ ಯಾರ್ದು, ಫೋಟೊದಲ್ಲಿ ಯಾರಿದಾರೆ, ಯಾರ ಜಾಗ, ಇದ್ಯಾವುದೂ ಲೆಕ್ಕಕ್ಕಿಲ್ಲ. ರಿಜಿಸ್ಟರ್ ಮಾಡಿಸಿರ್ಬೇಕು ಅಂತಿಲ್ಲ, ಕೆಳಗೆ ವೃತ್ತದೊಳಗಿನ ಸಿ ಗುರುತು ಇರ್ಬೇಕು ಅಂತಾನೂ ಇಲ್ಲ, ಕ್ಲಿಕ್ ಮಾಡಿದ ಕ್ಷಣದಿಂದಾನೇ ಹಕ್ಕು ಹುಟ್ಟುತ್ತೆ. ‘ಹೆಸರಿರ್ಲಿಲ್ಲ, ಅದಕ್ಕೇ ತಗೊಂಡೆ’ ಅನ್ನೋ ಮಾತು ಬೀಗ ಹಾಕಿರ್ಲಿಲ್ಲ ಅದಕ್ಕೇ ಬೈಕ್ ತಗೊಂಡ್ಹೋದೆ ಅಂದಂಗೆ.

ಎಷ್ಟು ವರ್ಷ ಅಂದ್ರೆ, ತೆಗೆದವರು ಇರೋವರ್ಗೂ, ತೀರ್ಕೊಂಡ ಮೇಲೆ ಇನ್ನೂ 60 ವರ್ಷ. 2012ರ ತಿದ್ದುಪಡಿಗೆ ಮುಂಚೆ ಫೋಟೊಗಳಿಗೆ ಮಾತ್ರ ಲೆಕ್ಕ ಬೇರೆ ಇತ್ತು, ಪ್ರಕಟ ಆದ ಮೇಲೆ 60 ವರ್ಷ ಅಂತ. ಈಗ ಕತೆ ಕವನಕ್ಕೆ ಇರೋ ಲೆಕ್ಕಾನೇ ಫೋಟೊಗೂ. ಹಾಗಾಗಿ ‘ಹಳೇದು, ಬ್ಲ್ಯಾಕ್ ಅಂಡ್ ವೈಟು, ಏನಾಗಲ್ಲ ಬಿಡ್ರಿ’ ಅಂತ ಕಸ್ಟಮರ್ ಅಂದ್ರೆ ನಾನೀಗ ತಲೆ ಆಡಿಸಲ್ಲ.

ಇನ್ನೊಂದು ವಿಷ್ಯ ಕೇಳಿದ್ರೆ ಸ್ಟುಡಿಯೊದವರೇ ಬೆಚ್ಚಿ ಬೀಳ್ತಾರೆ. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಏನೂ ಇಲ್ದಿದ್ರೆ, ಮೊದಲ ಮಾಲೀಕ ತೆಗೆಸಿದವರು! ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ. ಅಂದ್ರೆ ನಿಮ್ಮ ಮದುವೆ ಆಲ್ಬಮ್ಮಿನ ಫೋಟೊದ ಹಕ್ಕು ನಿಮ್ದು, ಸ್ಟುಡಿಯೊದವರು ಅದನ್ನ ಅಂಗಡಿ ಮುಂದಿನ ಬೋರ್ಡಿಗೋ ಇನ್‌ಸ್ಟಾಗ್ರಾಮಿಗೋ ಹಾಕ್ಬೇಕು ಅಂದ್ರೆ ನಿಮ್ಮನ್ನ ಕೇಳ್ಬೇಕು, ಅಥವಾ ಬುಕಿಂಗ್ ಟೈಮಲ್ಲೇ ಬರೆಸ್ಕೊಂಡಿರ್ಬೇಕು. ಈಗಿನ ದೊಡ್ಡ ವೆಡ್ಡಿಂಗ್ ಫೋಟೊಗ್ರಾಫರ್‌ಗಳು ಅಗ್ರಿಮೆಂಟಲ್ಲಿ ಒಂದು ಸಾಲು ಸೇರಿಸಿರ್ತಾರೆ, ಅಡ್ವಾನ್ಸ್ ಕೊಡೋ ಸಂಭ್ರಮದಲ್ಲಿ ಯಾರೂ ಓದಲ್ಲ, ಓದಿ. ಆದ್ರೆ ಹಕ್ಕು ನಿಮ್ದಾದ್ರೂ ‘ತೆಗೆದಿದ್ದು ನಾನು’ ಅಂತ ಹೇಳ್ಕೊಳ್ಳೋ ಹಕ್ಕು ಅವ್ರಿಂದ ಹೋಗಲ್ಲ, ಅದು 57ನೇ ಸೆಕ್ಷನ್, ಹಾಗಾಗಿ ಅವರ ಫೋಟೊಗೆ ನಿಮ್ಮ ಭಾವಮೈದನ ಹೆಸರು ಹಾಕೋ ಹಾಗಿಲ್ಲ.

ಸಂಬಳಕ್ಕೆ ಇರೋರು ಕೆಲಸದ ಭಾಗವಾಗಿ ತೆಗೆದ ಫೋಟೊ ಸಾಮಾನ್ಯವಾಗಿ ಕೆಲಸ ಕೊಟ್ಟವರದು. ಪತ್ರಿಕೆಯ ಸಿಬ್ಬಂದಿ ತೆಗೆದಿದ್ರೆ ಪ್ರಕಟಣೆ ಮಟ್ಟಿಗೆ ಪತ್ರಿಕೆಯದು. ಸರ್ಕಾರದ ಕೆಲಸಕ್ಕೆ ತೆಗೆದಿದ್ದಕ್ಕೆ ಸರ್ಕಾರಾನೇ ಮಾಲೀಕ, ಅದಕ್ಕೂ 60 ವರ್ಷದ ಹಕ್ಕಿದೆ. ಇಲ್ಲೊಂದು ಗೊಂದಲ ಆಗುತ್ತೆ. ನಾಸಾ ಫೋಟೊ ಸಾಮಾನ್ಯವಾಗಿ ಯಾರು ಬೇಕಾದ್ರೂ ಬಳಸ್ಬಹುದು, ಯಾಕಂದ್ರೆ ಅಮೆರಿಕದ ಕಾನೂನಲ್ಲಿ ಫೆಡರಲ್ ಸರ್ಕಾರದ ನೌಕರರ ಕೆಲಸಕ್ಕೆ ಕಾಪಿರೈಟ್ ಇಲ್ಲ. ಅದೇ ಲೆಕ್ಕ ಇಸ್ರೋಗೂ ಹಾಕ್ಬೇಡಿ. ನಮ್ಮ ಸರ್ಕಾರಿ ವೆಬ್‌ಸೈಟ್‌ಗಳಲ್ಲಿ ತೀರಾ ಕೆಳಗೆ ‘ಕಾಪಿರೈಟ್ ಪಾಲಿಸಿ’ ಅಂತ ಒಂದು ಲಿಂಕ್ ಇರುತ್ತೆ, ಎಷ್ಟೋ ಕಡೆ ‘ಮೂಲ ತಿಳಿಸಿ, ತಿರುಚದೆ ಬಳಸಿ’ ಅಂತಾನೇ ಬರೆದಿರ್ತಾರೆ, ಕೆಲವು ಕಡೆ ಮೊದ್ಲು ಕೇಳಿ ಅಂತಾರೆ. ಅರ್ಧ ನಿಮಿಷದ ಕೆಲಸ, ನೋಡ್ಬಿಡಿ.

ಹಂಪಿ ಕಲ್ಲಿನ ರಥಕ್ಕೆ ಕಾಪಿರೈಟ್ ಇಲ್ಲ, ಕಟ್ಟಿಸಿದವರು ಹೋಗಿ ಶತಮಾನಗಳೇ ಆಯ್ತು. ಆದ್ರೆ ಬೆಳಿಗ್ಗೆ ಆರು ಗಂಟೆಗೆ ಎದ್ದು ಹೋಗಿ ಅದರ ಫೋಟೊ ತೆಗೆದವರಿಗೆ ಆ ಫೋಟೊ ಮೇಲೆ ಇದೆ. ರಥ ಎಲ್ಲರ್ದು, ಆ ಬೆಳಗಿನ ಫೋಟೊ ಅವ್ರದು. ನಿಮಗೆ ಬೇಕಿದ್ರೆ ನೀವೂ ಹೋಗಿ ಅಲ್ಲೇ ನಿಂತು ತೆಗೀರಿ, ಯಾರೂ ಬೇಡ ಅನ್ನಲ್ಲ.

ಎರಡ್ನೇದು, ಮೂಲ ಹುಡುಕೋದು

ಫಾರ್ವರ್ಡ್ ಆಗಿ ಬಂದ ಫೋಟೊಗೆ ತಂದೆ ತಾಯಿ ಇರಲ್ಲ. ವಾಟ್ಸ್‌ಆಪಲ್ಲಿ ಫೋಟೊ ಅಂತ ಕಳಿಸಿದ್ರೆ ಸೈಜು ಕುಗ್ಗುತ್ತೆ, ಜತೆಗೆ ಫೈಲಿನೊಳಗೆ ಬರೆದಿರೋ ಕ್ಯಾಮೆರಾ, ದಿನಾಂಕ, ತೆಗೆದವರ ಹೆಸರಿನ ಮಾಹಿತೀನೂ ಉದುರಿಹೋಗುತ್ತೆ. ಹಾಗಾಗಿ ಹುಡುಕಲೇಬೇಕು.

ನಾನು ಮಾಡೋದು ಹೀಗೆ. ಗೂಗಲ್ ಲೆನ್ಸಿಗೆ ಫೋಟೊ ಹಾಕ್ತೀನಿ, ಅದೇ ಫೋಟೊ ಎಲ್ಲೆಲ್ಲಿದೆ ಅಂತ ತೋರಿಸುತ್ತೆ. ಆಮೇಲೆ ಟಿನ್‌ಐ ಅನ್ನೋ ಸೈಟಿಗೆ ಹಾಕಿ ‘ಅತಿ ಹಳೇದು ಮೊದಲು’ ಅನ್ನೋ ಥರ ಜೋಡಿಸ್ಕೋತೀನಿ, ಮೊದ್ಲು ಹಾಕಿದವರು ಸಿಗೋ ಚಾನ್ಸ್ ಜಾಸ್ತಿ. ಎಲ್ಲಿ ಫೋಟೊದ ಸೈಜು ದೊಡ್ಡದಿದೆಯೋ, ಎಲ್ಲಿ ಅಂಚು ಕತ್ತರಿಸದೇ ಪೂರ್ತಿ ಇದೆಯೋ, ಅದು ಮೂಲಕ್ಕೆ ಹತ್ತಿರ. ಪಿಂಟರೆಸ್ಟ್ ಮೂಲ ಅಲ್ಲ, ‘ಅಮೇಜಿಂಗ್ ನೇಚರ್’ ಅನ್ನೋ ಥರದ ಹೆಸರಿನ ಪೇಜುಗಳೂ ಅಲ್ಲ, ಅಲ್ಲಿ ಮಧ್ಯೆ ದಪ್ಪಕ್ಕೆ ಹೊಡೆದಿರೋ ಲೋಗೊ ಅವರ ಪೇಜಿಂದು, ಮೂಲೇಲಿ ಸಣ್ಣಕೆ ಮಸುಕಾಗಿರೋದು ತೆಗೆದವರದು. ಆ ಸಣ್ಣದನ್ನ ಜೂಮ್ ಮಾಡಿ ಓದಿ.

2020ರ ಜುಲೈನಲ್ಲಿ ಕಬಿನಿ ಕಾಡಿನ ಒಂದು ಫೋಟೊ ಎಲ್ರ ಮೊಬೈಲಿಗೂ ಬಂತಲ್ಲ, ಚಿರತೆ ನಿಂತಿದೆ, ಅದರ ಹಿಂದೆ ನೆರಳಿನ ಹಾಗೆ ಕರಿಚಿರತೆ. ನನಗೆ ಅದು ಏಳೆಂಟು ಗ್ರೂಪಲ್ಲಿ ಬಂದಿತ್ತು, ಒಂದರಲ್ಲೂ ಹೆಸರಿರ್ಲಿಲ್ಲ, ಒಬ್ರಂತೂ ಅದನ್ನ ಆಫ್ರಿಕಾ ಅಂದಿದ್ರು. ತೆಗೆದಿದ್ದು ಮಿಥುನ್ ಎಚ್. ಅಂತ ತಿಳಿಯೋಕೆ ಹುಡುಕಿದ್ರೆ ಒಂದು ನಿಮಿಷ ಸಾಕಿತ್ತು. ನಮ್ಮದೇ ಕಾಡು, ನಮ್ಮ ಕಡೆಯವರೇ ತೆಗೆದ ಫೋಟೊ, ಆದ್ರೂ ಹೆಸರಿಲ್ಲ.

ಹುಡುಕಿದ್ರೂ ತೆಗೆದವರು ಸಿಗ್ಲಿಲ್ಲ ಅಂದ್ರೆ? ಬಿಟ್ಬಿಡಿ. ಸಿಗ್ಲಿಲ್ಲ ಅಂದ್ರೆ ಫ್ರೀ ಅಂತಲ್ಲ. ‘ಕೃಪೆ: ಅಂತರ್ಜಾಲ’ ಅಂತ ಹಾಕೋದು ಎಲ್ಲಿಂದ ತಂದೆ ಅಂತ ನಾವೇ ಲಿಖಿತದಲ್ಲಿ ಒಪ್ಕೊಂಡಂಗೆ, ಅಷ್ಟೇ.

ಮೂರ್ನೇದು, ಫ್ರೀ ಇರೋದನ್ನ ಫ್ರೀಯಾಗಿ ತಗೊಳ್ಳಿ

ಎಷ್ಟೋ ಕೆಲಸಕ್ಕೆ ಯಾರನ್ನೂ ಕೇಳೋ ಅಗತ್ಯಾನೇ ಇಲ್ಲ. ಗೂಗಲ್ ಇಮೇಜಸಲ್ಲಿ ‘ಟೂಲ್ಸ್’ ಒತ್ತಿ, ಅದರಲ್ಲಿ ‘ಯೂಸೇಜ್ ರೈಟ್ಸ್’, ಅದರೊಳಗೆ ‘ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಸ್’. ಈಗ ಬರೋದೆಲ್ಲ ತೆಗೆದವರೇ ಕೆಲವು ಷರತ್ತು ಹಾಕಿ ಬಳಸ್ಕೊಳ್ಳಿ ಅಂತ ಬಿಟ್ಟಿರೋ ಫೋಟೊಗಳು. ಗೂಗಲ್ ಹೇಳ್ತು ಅಂತ ನಂಬ್ಕೊಂಡು ಕೂರ್ಬೇಡಿ, ಫೋಟೊ ಇರೋ ಪೇಜಿಗೇ ಹೋಗಿ ಲೈಸೆನ್ಸ್ ಓದಿ. ನಂಗೆ ಇಷ್ಟ ಆಗೋದು ವಿಕಿಮೀಡಿಯ ಕಾಮನ್ಸ್, ಹಂಪಿ, ಬಾದಾಮಿ, ಜೋಗ ಎಲ್ಲಾ ಸಿಗುತ್ತೆ, ಪ್ರಿಂಟಿಗೆ ಸಾಕಾಗೋ ಸೈಜಲ್ಲೇ ಎಷ್ಟೋ ಇವೆ.

ಷರತ್ತುಗಳು ನಾಲ್ಕು ಚಿಕ್ಕ ಗುರುತುಗಳಲ್ಲಿರುತ್ತೆ, ಒಂದೊಂದೂ ಎರಡೆರಡು ಇಂಗ್ಲಿಷ್ ಅಕ್ಷರ. ಬಿವೈ ಅಂದ್ರೆ ಹೆಸರು ಹಾಕ್ಬೇಕು. ಎಸ್‌ಎ ಅಂದ್ರೆ ನೀವು ಅದನ್ನ ಬದಲಾಯಿಸಿ ಹೊಸದೇನಾದ್ರೂ ಮಾಡಿದ್ರೆ ಅದನ್ನೂ ಇದೇ ಷರತ್ತಲ್ಲಿ ಬಿಡ್ಬೇಕು. ಎನ್‌ಸಿ ಅಂದ್ರೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ, ಹೋಮ್‌ಸ್ಟೇ ಫ್ಲೆಕ್ಸಿಗೆ ಬೇಡ, ಜಾಹೀರಾತು ದುಡ್ಡು ಬರೋ ಯೂಟ್ಯೂಬ್ ವಿಡಿಯೊಗೂ ಬೇಡ ಅಂತ ನಾನಂತೂ ಹೇಳ್ತೀನಿ. ಎನ್‌ಡಿ ಅಂದ್ರೆ ಬಣ್ಣ ಬದಲಾಯಿಸಿ, ಇನ್ನೊಂದು ಚಿತ್ರದ ಜತೆ ಬೆರೆಸಿ ಪೋಸ್ಟರ್ ಮಾಡೋ ಹಾಗಿಲ್ಲ. ಇದ್ಯಾವುದೂ ಇಲ್ಲದೇ ಸಿಸಿ (ಅಂದ್ರೆ ಕ್ರಿಯೇಟಿವ್ ಕಾಮನ್ಸ್) ಸೊನ್ನೆ ಅಂತಿದ್ರೆ ಏನು ಬೇಕಾದ್ರೂ ಮಾಡಿ.

ಹೆಸರು ಹಾಕೋದು ಅಂದ್ರೆ ಹೇಗೆ ಅಂತ ಕೇಳ್ತಾರೆ. ಹೀಗೆ:

ವಿಠ್ಠಲ ದೇವಸ್ಥಾನದ ಕಲ್ಲಿನ ರಥ, ಹಂಪಿ. ಫೋಟೊ: ತೆಗೆದವರು ಕೊಟ್ಟಿರೋ ಹೆಸರು, ವಿಕಿಮೀಡಿಯ ಕಾಮನ್ಸ್, ಸಿಸಿ ಬಿವೈ-ಎಸ್‌ಎ 4.0. ಅಂಚು ಕತ್ತರಿಸಲಾಗಿದೆ.

ಆನ್‌ಲೈನ್ ಆದ್ರೆ ಮೂಲ ಪೇಜಿಗೂ ಲೈಸೆನ್ಸಿಗೂ ಲಿಂಕ್ ಕೊಡಿ, ಪ್ರಿಂಟಲ್ಲಿ ವಿಳಾಸ ಬರೀರಿ. ಮುಖಪುಟದ ಅಂದ ಕೆಡುತ್ತೆ ಅಂದ್ರೆ ಒಳಪುಟದಲ್ಲಿ ಮುದ್ರಕರ ಹೆಸರಿರುತ್ತಲ್ಲ, ಅಲ್ಲಿ ಹಾಕಿ. ಮರೆತು ಬಿಟ್ಟಿದ್ರೆ 4.0 ಅನ್ನೋ ಆವೃತ್ತಿಯ ಲೈಸೆನ್ಸಲ್ಲಿ ಒಂದು ಅವಕಾಶ ಇದೆ, ತಪ್ಪು ಗೊತ್ತಾದ 30 ದಿನದೊಳಗೆ ಸರಿ ಮಾಡಿದ್ರೆ ಹಕ್ಕು ವಾಪಸ್ ಬರುತ್ತೆ.

ಅನ್‌ಸ್ಪ್ಲಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಥರದ ಸೈಟುಗಳಲ್ಲಿ ಹೆಸರು ಹಾಕ್ಲೇಬೇಕು ಅಂತಿಲ್ಲ. ಆದ್ರೆ ಅಲ್ಲಿಂದ ಯಾವುದೋ ಹೆಣ್ಮಗಳ ನಗುಮುಖ ತಂದು ‘ನಮ್ಮ ಎಣ್ಣೆ ಹಚ್ಚಿ ಕೂದಲು ಬಂತು’ ಅಂತ ಹಾಕೋ ಹಾಗಿಲ್ಲ.

ಷೇರ್ ಬಟನ್ನೇ ಬೇರೆ, ಸ್ಕ್ರೀನ್‌ಶಾಟೇ ಬೇರೆ

ಫೇಸ್‌ಬುಕ್, ಇನ್‌ಸ್ಟಾಗ್ರಾಮಲ್ಲಿ ಇರೋ ಷೇರ್ ಬಟನ್ ಒತ್ತಿ ಹಂಚಿದ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ಫೋಟೊ ಅವರ ಅಕೌಂಟಲ್ಲೇ ಇರುತ್ತೆ, ಹೆಸರೂ ಜತೆಗೇ ಬರುತ್ತೆ, ಅವ್ರು ಡಿಲೀಟ್ ಮಾಡಿದ್ರೆ ನಿಮ್ಮಲ್ಲೂ ಹೋಗುತ್ತೆ. ಅದೇ ಫೋಟೊನ ಸ್ಕ್ರೀನ್‌ಶಾಟ್ ಹೊಡೆದು ನಿಮ್ಮ ಪೇಜಲ್ಲಿ ಹೊಸದಾಗಿ ಅಪ್‌ಲೋಡ್ ಮಾಡಿದ್ರೆ ಅದು ಕಾಪಿ, ಕೆಳಗೆ ಅವರನ್ನ ಟ್ಯಾಗ್ ಮಾಡಿದ್ರೂ ಕಾಪೀನೇ. ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಕೊಳ್ತೀರಾ ಅಂದ್ರೆ ಹೆಸರು ಹಾಕೋದು ಬೇರೆ, ಅನುಮತಿ ಕೇಳೋದು ಬೇರೆ ಅನ್ನೋದನ್ನ ಇಟ್ಕೊಳ್ಳಿ. ಪಕ್ಕದ ಮನೆ ಹಲಸಿನಹಣ್ಣು ಕಿತ್ತು ತಂದು ‘ಕೃಪೆ: ಪಕ್ಕದ ಮನೆಯವರು’ ಅಂತ ಚೀಟಿ ಅಂಟಿಸಿದ್ರೆ ಆಗುತ್ತಾ?

ವಾಟ್ಸ್‌ಆಪ್ ಫಾರ್ವರ್ಡೂ ಕಟ್ಟುನಿಟ್ಟಾಗಿ ನೋಡಿದ್ರೆ ಕಾಪೀನೇ. ಮನೆ ಗ್ರೂಪಲ್ಲಿ ಹಂಚಿದ್ದಕ್ಕೆ ಯಾರೂ ಕೋರ್ಟಿಗೆ ಹೋಗಲ್ಲ, ನಾನೂ ಮಾಡ್ತೀನಿ. ಆದ್ರೆ ಹೆಸರು ಕಳೆದುಹೋಗೋದು ಅಲ್ಲೇ, ಹಾಗಾಗಿ ಗೊತ್ತಿದ್ರೆ ಒಂದು ಸಾಲು ಟೈಪ್ ಮಾಡಿ ಕಳಿಸಿ.

ನಾಲ್ಕ್ನೇದು, ಕೇಳೋದು

ನಮ್ಮವರಿಗೆ ಇದೇ ಕಷ್ಟ. ಕೇಳಿದ್ರೆ ದುಡ್ಡು ಕೇಳ್ತಾರೆ ಅನ್ನೋ ಹೆದರಿಕೆ. ನಾನು ಇಲ್ಲಿವರೆಗೆ ಕೇಳಿದವರಲ್ಲಿ ಹೆಚ್ಚಿನವರು ಸಾಹಿತ್ಯ, ಸ್ಕೂಲು, ದೇವಸ್ಥಾನದ ಕೆಲಸಕ್ಕೆ ಸುಮ್ನೆ ಕೊಟ್ಟಿದಾರೆ, ವಾಟರ್‌ಮಾರ್ಕ್ ಇಲ್ಲದ ದೊಡ್ಡ ಫೈಲನ್ನೇ ಕಳಿಸಿದಾರೆ, ಗೂಗಲ್‌ನಿಂದ ಇಳಿಸಿದ್ದು ಪ್ರಿಂಟಲ್ಲಿ ಒಡ್ಕೊಂಡು ಬರ್ತಿತ್ತು, ಇದು ಕಣ್ಣಿಗೆ ಹೊಡೆಯೋ ಹಾಗೆ ಬರುತ್ತೆ. ನಾನು ಕಳಿಸೋ ಮೆಸೇಜ್ ಇದು, ಬೇಕಾದ್ರೆ ಇದನ್ನ ಕಾಪಿ ಮಾಡ್ಕೊಳ್ಳಿ, ಇದಕ್ಕೆ ನನ್ನ ಅನುಮತಿ ಇದೆ:

‘ನಮಸ್ಕಾರ ಸಾರ್. ನೀವು ತೆಗೆದ ಹೊಳೆಯ ಫೋಟೊ ನೋಡಿದೆ, ತುಂಬಾ ಇಷ್ಟ ಆಯ್ತು. ನಮ್ಮೂರ ಶಾಲೆಯ ಸ್ಮರಣ ಸಂಚಿಕೆ ಮುಖಪುಟಕ್ಕೆ ಬಳಸಬಹುದಾ? 500 ಪ್ರತಿ ಪ್ರಿಂಟ್ ಮಾಡ್ತೀವಿ, ಮಾರಾಟಕ್ಕಲ್ಲ. ಪಿಡಿಎಫ್ ಆನ್‌ಲೈನಲ್ಲೂ ಹಾಕ್ತೀವಿ. ಮೇಲೆ ಶೀರ್ಷಿಕೆ ಬರುತ್ತೆ, ಎಡಗಡೆ ಸ್ವಲ್ಪ ಕತ್ತರಿಸಬೇಕಾಗುತ್ತೆ. ನಿಮ್ಮ ಹೆಸರು ಹೇಗೆ ಹಾಕ್ಬೇಕು, ಕನ್ನಡದಲ್ಲಿ ಬರೆದು ಕಳಿಸಿ. ಸಂಭಾವನೆ ಇದ್ರೆ ಎಷ್ಟು ಅಂತ ತಿಳಿಸಿ.’

ಎಲ್ಲಿ, ಎಷ್ಟು, ಮಾರಾಟಕ್ಕಾ ಅಲ್ವಾ, ಏನು ಬದಲಾಯಿಸ್ತೀರ, ಹೆಸರು ಹೇಗೆ, ಇಷ್ಟೂ ಬರ್ಬೇಕು. ಹೆಸರನ್ನ ಅವರ ಕೈಯಲ್ಲೇ ಬರೆಸ್ಕೊಳ್ಳಿ, ಇಂಗ್ಲಿಷಲ್ಲಿರೋದನ್ನ ನಾವು ಕನ್ನಡಕ್ಕೆ ತಂದಾಗ ದೀರ್ಘ ಹ್ರಸ್ವ ಎಲ್ಲಾ ಎಡವಟ್ಟಾಗುತ್ತೆ. ಉತ್ತರ ಬರ್ಲಿಲ್ಲ ಅಂದ್ರೆ ಒಪ್ಪಿದಾರೆ ಅಂತಲ್ಲ. ಒಪ್ಪಿದ್ರೆ ಸ್ಕ್ರೀನ್‌ಶಾಟ್ ತೆಗೆದು ಆ ಕೆಲಸದ ಫೋಲ್ಡರಲ್ಲೇ ಹಾಕಿಡಿ, ಮೊಬೈಲ್ ಹೋದ್ರೂ ಇರುತ್ತೆ.

ಪೋಸ್ಟಿಗೆ ಈ ಮೆಸೇಜ್ ಸಾಕು. ಪುಸ್ತಕ, ಕ್ಯಾಲೆಂಡರ್, ಜಾಹೀರಾತು ಅಂದ್ರೆ ಸಹಿ ಇರೋ ಪತ್ರ ಮಾಡಿಸ್ಕೊಳ್ಳಿ, ಕಾಯ್ದೆ ಕೇಳೋದು ಲಿಖಿತ ಲೈಸೆನ್ಸನ್ನೇ. ಅದರಲ್ಲಿ ಅವಧಿ ಬರೀದಿದ್ರೆ 5 ವರ್ಷ ಅಂತ ಲೆಕ್ಕ, ಎಲ್ಲಿಗೆ ಅಂತ ಬರೀದಿದ್ರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ನಮ್ಮ ಕವಿಗಳು ಇದನ್ನ ಗಮನಿಸಲ್ಲ, ಇ-ಪುಸ್ತಕ ಮಾಡಿ ಅಮೆರಿಕದಲ್ಲಿರೋ ತಂಗಿ ಮನೆಯವರೂ ಕೊಳ್ಳಲಿ ಅಂತ ಹಾಕಿರ್ತಾರೆ. ಹಾಗಾಗಿ ‘ಈ ಪುಸ್ತಕದ ಎಲ್ಲಾ ಮುದ್ರಣಗಳಿಗೆ, ಇ-ಪುಸ್ತಕವೂ ಸೇರಿ, ಪ್ರಪಂಚದಾದ್ಯಂತ’ ಅಂತ ಒಂದು ಸಾಲು, ಇಷ್ಟು ವರ್ಷ ಅಂತ ಒಂದು ಸಾಲು ಸೇರಿಸಿ.

ಕೇಳದೇ ಬಳಸಬಹುದಾದ ಜಾಗಗಳು

52ನೇ ಸೆಕ್ಷನ್‌ನಲ್ಲಿ ವಿನಾಯ್ತಿಗಳ ಉದ್ದ ಪಟ್ಟಿ ಇದೆ. ಸ್ವಂತಕ್ಕೆ, ಓದಿಗೆ, ಸಂಶೋಧನೆಗೆ ಬಳಸೋದು, ವಿಮರ್ಶೆ ಮಾಡೋದು, ನಡೀತಿರೋ ವಿದ್ಯಮಾನದ ವರದಿ, ಇವು ನ್ಯಾಯವಾಗಿದ್ರೆ ತೊಂದ್ರೆ ಇಲ್ಲ. ಫೋಟೊ ಪ್ರದರ್ಶನದ ಬಗ್ಗೆ ಬರೀತಾ ಒಂದು ಫೋಟೊ ಹಾಕಿ ‘ಇಲ್ಲಿ ಬೆಳಕು ನೋಡಿ’ ಅಂದ್ರೆ ವಿಮರ್ಶೆ. ಮಳೆ ಬಗ್ಗೆ ನಿಮ್ಮ ಕವನ ಹಾಕಿ ಅಂದಕ್ಕೆ ಅಂತ ಅದೇ ಫೋಟೊ ಜೋಡಿಸಿದ್ರೆ ಅದು ಅಲಂಕಾರ, ವಿಮರ್ಶೆ ಅಲ್ಲ.

ಮೇಷ್ಟ್ರು ಪಾಠ ಮಾಡೋವಾಗ ತೋರಿಸೋಕೂ ವಿನಾಯ್ತಿ ಇದೆ. ಆದ್ರೆ ಕ್ಲಾಸಲ್ಲಿ ತೋರಿಸಿದ್ದನ್ನ ಸ್ಕೂಲಿನ ವೆಬ್‌ಸೈಟಿಗೆ ಏರಿಸಿದ್ರೆ ಕತೆ ಬೇರೆ ಆಗ್ಬಹುದು. ಜರ್ಮನಿಯ ವಾಲ್‌ಟ್ರೋಪ್ ಅನ್ನೋ ಊರಿನ ಸ್ಕೂಲಲ್ಲಿ ಹಾಗೇ ಆಯ್ತು, ಒಬ್ಬ ವಿದ್ಯಾರ್ಥಿ ಸ್ಪೇನಿನ ಕೊರ್ಡೊಬಾ ಊರಿನ ಫೋಟೊನ ಒಂದು ಪ್ರವಾಸದ ಸೈಟಿಂದ ತಗೊಂಡು ಪ್ರಾಜೆಕ್ಟಿಗೆ ಹಾಕಿದ್ದು, ಯಾವ ಸೈಟಿಂದು ಅಂತಾನೂ ಕೆಳಗೆ ಬರೆದಿತ್ತು, ಸ್ಕೂಲಿನವರು ಪ್ರಾಜೆಕ್ಟನ್ನ ವೆಬ್‌ಸೈಟಿಗೆ ಹಾಕಿದ್ರು. ಫೋಟೊಗ್ರಾಫರ್ ಕೇಸ್ ಹಾಕಿದ್ರು, ಅದು ಯುರೋಪಿನ ನ್ಯಾಯಾಲಯದವರೆಗೂ ಹೋಯ್ತು, 2018ರ ಆಗಸ್ಟಲ್ಲಿ ತೀರ್ಪು ಬಂತು: ಇನ್ನೊಂದು ಸೈಟಲ್ಲಿ ಎಲ್ರಿಗೂ ಕಾಣೋ ಹಾಗಿದ್ರೂ, ನೀವು ಹೊಸದಾಗಿ ಅಪ್‌ಲೋಡ್ ಮಾಡೋಕೆ ಅನುಮತಿ ಬೇಕು. ಆ ಕಡೆ ಕನ್ನಡ ಸಂಘದ ಪೇಜ್ ನೋಡ್ಕೊಳ್ಳೋರು ಯುಗಾದಿ ಪೋಸ್ಟರ್ ಮಾಡೋವಾಗ ಇದನ್ನ ಮರೀಬೇಡಿ, ಊರಲ್ಲಿ ನಡೆದಂಗೆ ಅಲ್ಲಿ ನಡೆಯಲ್ಲ.

ಸಾರ್ವಜನಿಕ ಜಾಗದಲ್ಲಿ ಖಾಯಂ ಆಗಿರೋ ಪ್ರತಿಮೆ, ಕಟ್ಟಡದ ಫೋಟೊ ತೆಗೆದು ಹಾಕ್ಬಹುದು. ಬೆಂಗಳೂರು ಏರ್‌ಪೋರ್ಟಿನ 108 ಅಡಿ ಕೆಂಪೇಗೌಡ ಪ್ರತಿಮೆ ಮುಂದೆ ನೀವೇ ತೆಗೆದ ಫೋಟೊಗೆ ಶಿಲ್ಪಿಯ ಅನುಮತಿ ಬೇಡ. ಆದ್ರೆ ಗೋಡೆ ಮೇಲಿನ ಪೇಂಟಿಂಗ್ ಆ ವಿನಾಯ್ತಿಯೊಳಗೆ ಬರಲ್ಲ. ಸೆಲ್ಫಿ ತಗೊಂಡವರ ಹಿಂದೆ ಯಾರೂ ಬರಲ್ಲ ಬಿಡಿ, ಆ ಪೇಂಟಿಂಗನ್ನೇ ಪೂರ್ತಿ ತೆಗೆದು ಟೀ ಶರ್ಟ್ ಮೇಲೆ ಹಾಕಿ ಮಾರೋಕೆ ಹೋಗ್ಬೇಡಿ.

ಫೋಟೊದೊಳಗಿರೋರು

ಇದು ಕಾಪಿರೈಟ್ ಅಲ್ಲ, ಬೇರೇನೇ ವಿಷ್ಯ, ಆದ್ರೂ ಒಂದು ಮಾತು. ತೆಗೆದವರು ಒಪ್ಪಿದ ಮಾತ್ರಕ್ಕೆ ಫೋಟೊದಲ್ಲಿರೋರು ಒಪ್ಪಿದಾರೆ ಅಂತಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳ್ತು, ಆ ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಕ್ಕಳ ಫೋಟೊ, ಆಸ್ಪತ್ರೆ ಫೋಟೊ, ಸಾವಿನ ಮನೆ ಫೋಟೊ, ಇವು ಮೂರಕ್ಕೆ ನಾನು ಮನೆಯವರು ಹೂಂ ಅನ್ನದೇ ಕೈ ಹಾಕಲ್ಲ.

ನಿಮ್ಮ ಫೋಟೊನೇ ಯಾರಾದ್ರೂ ಎತ್ತಿದ್ರೆ

ಮೊದ್ಲು ಬೈಯೋಕೆ ಹೋಗ್ಬೇಡಿ, ಬೈದ್ರೆ ಡಿಲೀಟ್ ಮಾಡಿ ‘ಎಲ್ಲಿ ಹಾಕಿದೀನಿ ತೋರ್ಸಿ’ ಅಂತಾರೆ. ಪೋಸ್ಟಿನ ವಿಳಾಸ, ದಿನಾಂಕ, ಎಷ್ಟು ಲೈಕು, ಎಲ್ಲಾ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಳ್ಳಿ. ನಿಮ್ಮ ಮೂಲ ಫೈಲು, ರಾ ಫೈಲಿದ್ರೆ (ಕ್ಯಾಮೆರಾ ಕುಗ್ಗಿಸದೇ ಉಳಿಸೋ ಫೈಲು) ಅದು, ಅದರ ಹಿಂದೆ ಮುಂದೆ ತೆಗೆದ ಫೋಟೊಗಳು, ಎಲ್ಲಾ ಎತ್ತಿಡಿ. ಒಂದೇ ಹೊಳೇದು ಹತ್ತು ಫೋಟೊ ಇರೋರೇ ತೆಗೆದವರು ಅಂತ ಯಾರಿಗಾದ್ರೂ ಗೊತ್ತಾಗುತ್ತೆ.

ಆಮೇಲೆ ಒಂದು ಮರ್ಯಾದೆಯ ಮೆಸೇಜು: ಇದು ನನ್ನದು, ತೆಗೀರಿ, ಅಥವಾ ಇಷ್ಟು ದುಡ್ಡು ಕೊಟ್ಟು ಹೆಸರು ಹಾಕಿ ಇಟ್ಕೊಳ್ಳಿ, ಮೂರು ದಿನದೊಳಗೆ. ವ್ಯಾಪಾರಕ್ಕೆ ಬಳಸಿದ್ರೆ ಸೀದಾ ಬಿಲ್ ಕಳಿಸಿ. ಕೇಳ್ಲಿಲ್ಲ ಅಂದ್ರೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಎಲ್ಲಾ ಕಡೆ ಕಾಪಿರೈಟ್ ದೂರಿನ ಫಾರಂ ಇದೆ. ಅದನ್ನ ಹಕ್ಕಿರೋರು ಅಥವಾ ಅವರ ಪರವಾಗಿ ಅಧಿಕಾರ ಇರೋರು ಮಾತ್ರ ತುಂಬ್ಬೇಕು, ಅಭಿಮಾನಿಗಳೆಲ್ಲ ಸೇರಿ ಒತ್ತಿದ್ರೆ ಆಗಲ್ಲ. ಯೂಟ್ಯೂಬಲ್ಲಿ 90 ದಿನದೊಳಗೆ ಮೂರು ಸ್ಟ್ರೈಕ್, ಅಂದ್ರೆ ಕಾಪಿರೈಟ್ ತಪ್ಪಿನ ಎಚ್ಚರಿಕೆ, ಬಿದ್ರೆ ಚಾನೆಲ್ಲೇ ಹೋಗೋ ಹಾಗಿರೋದ್ರಿಂದ ಅವರಿಗೂ ಭಯ ಇರುತ್ತೆ. ನಮ್ಮ ಕಾಯ್ದೆಯಲ್ಲೂ ಲಿಖಿತ ದೂರು ಕೊಟ್ರೆ ವೆಬ್‌ಸೈಟಿನವರು 21 ದಿನ ಅದನ್ನ ತಡೆಹಿಡೀಬೇಕು, ಅಷ್ಟರೊಳಗೆ ಕೋರ್ಟ್ ಆದೇಶ ತರ್ಲಿಲ್ಲ ಅಂದ್ರೆ ಮತ್ತೆ ತೋರಿಸ್ಬಹುದು.

ಕೋರ್ಟಿಗೇ ಹೋಗ್ಬೇಕು ಅಂದ್ರೆ, ಕದ್ದವರು ದೆಹಲೀಲಿದ್ರೂ ನೀವಿರೋ ಜಿಲ್ಲೆಯ ಕೋರ್ಟಲ್ಲಿ ದಾವೆ ಹಾಕೋಕೆ 62ನೇ ಸೆಕ್ಷನ್ ಅವಕಾಶ ಕೊಡುತ್ತೆ. ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಆದ್ರೂ ಅನ್ನ ಕೊಡೋ ಫೋಟೊ ಇದ್ರೆ ಕಾಪಿರೈಟ್ ಆಫೀಸಿನ ವೆಬ್‌ಸೈಟಲ್ಲಿ 500 ರೂಪಾಯಿ ಕಟ್ಟಿ ಮಾಡಿಸಬಹುದು. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆ ಅಂತ 30 ದಿನ ಕಾಯ್ತಾರೆ, ಆಮೇಲೆ ಮುಂದಿನದು.

ಇನ್ನು ಫೋನು ನಿಮಗೇ ಬಂದ್ರೆ

ನನಗೆ ಬಂದಂಗೆ. ಮೊದ್ಲು ಫೋನ್ ಮಾಡಿದವರೇ ತೆಗೆದವರಾ ಅಂತ ಖಾತ್ರಿ ಮಾಡ್ಕೊಳ್ಳಿ, ಮೂಲ ಫೋಟೊ ಕಳಿಸಿ ಅನ್ನಿ, ಹೆದರಿಸಿ ದುಡ್ಡು ಕೀಳೋರೂ ಇದಾರೆ. ಖಾತ್ರಿ ಆದ್ರೆ ವಾದ ಬೇಡ. ಆನ್‌ಲೈನ್ ಆದ್ರೆ ತಕ್ಷಣ ತೆಗೆದು, ತೆಗೆದಿದೀನಿ ಸಾರ್ ತಪ್ಪಾಯ್ತು ಅನ್ನಿ. ‘ನಾವು ದುಡ್ಡು ಮಾಡಿಲ್ವಲ್ಲ’ ಅನ್ನೋದು ರಕ್ಷಣೆ ಅಲ್ಲ, ಶಿಕ್ಷೆ ಕಮ್ಮಿ ಆಗ್ಬಹುದು ಅಷ್ಟೇ. ಬೇಕೂಂತ ಮಾಡಿದ್ರೆ ಕನಿಷ್ಠ 6 ತಿಂಗಳಿಂದ 3 ವರ್ಷದ ತನಕ ಜೈಲು, 50,000ದಿಂದ 2 ಲಕ್ಷದ ತನಕ ದಂಡ ಅಂತ 63ನೇ ಸೆಕ್ಷನ್, ಅದು ಪೊಲೀಸರು ವಾರಂಟ್ ಇಲ್ಲದೇ ಹಿಡಿಯಬಹುದಾದ, ಜಾಮೀನುರಹಿತ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಫೋಟೊದ ಮೇಲಿನ ಹೆಸರು ಗೊತ್ತಿದ್ದೂ ಅಳಿಸೋದಕ್ಕೆ ಬೇರೆ ಸೆಕ್ಷನ್ನೇ ಇದೆ, 65ಬಿ, 2 ವರ್ಷದ ತನಕ. ವಕೀಲ್ರು ಇದನ್ನ ಓದಿ ಹೇಳಿದಾಗ ಕ್ಲೋನ್ ಟೂಲ್ ನೆನಪಾಗಿ ನನ್ನ ಅಂಗೈ ಬೆವೆತಿತ್ತು, ಅದುವರೆಗೆ ಎಷ್ಟು ಹೆಸರು ಅಳಿಸಿದ್ನೋ ಲೆಕ್ಕ ಇಟ್ಟಿಲ್ಲ.

ನಮ್ಮದು ಕೋರ್ಟಿಗೆ ಹೋಗ್ಲಿಲ್ಲ. ನಾನೂ ಸಮಿತಿ ಅಧ್ಯಕ್ಷರೂ ಅವರ ಮನೆಗೇ ಹೋದ್ವಿ, ಅವರಮ್ಮ ಕಷಾಯ ಕೊಟ್ರು, ನಾವು ತಲೆ ತಗ್ಗಿಸ್ಕೊಂಡು ಕುಡಿದ್ವಿ. ದುಡ್ಡು ಬೇಡ ಅಂದ್ರು, ಹೆಸರು ಬರ್ಬೇಕು ಅಂದ್ರು, ಪ್ರತಿಯೊಂದು ಕಾಪೀಲೂ. ಮತ್ತೆ ಪ್ರಿಂಟ್ ಹಾಕ್ಸೋಕೆ ದುಡ್ಡೂ ಇಲ್ಲ ಟೈಮೂ ಇಲ್ಲ. ಎ4 ಹಾಳೇಲಿ ಸಾಲಾಗಿ ಹೆಸರು ಪ್ರಿಂಟ್ ತೆಗೆದು, ಕಟರಲ್ಲಿ 500 ಚೀಟಿ ಮಾಡಿ, ರಾತ್ರಿ ಎರಡು ಗಂಟೆವರೆಗೆ ನಾನು, ನನ್ನ ಹೆಂಡ್ತಿ, ಅಂಗಡಿ ಹುಡುಗ ಗಮ್ ಹಚ್ಚಿ ಹಚ್ಚಿ ‘ಚಿತ್ರಕೃಪೆ: ಗೂಗಲ್’ ಅನ್ನೋದರ ಮೇಲೇ ಅಂಟಿಸಿದ್ವಿ. ಕೊನೆಕೊನೆಗೆ ನಿದ್ದೆ ಬಂದು ಹುಡುಗ ಏಳೆಂಟು ಕಾಪೀಲಿ ಚೀಟಿ ತಲೆಕೆಳಗಾಗಿ ಅಂಟಿಸಿಬಿಟ್ಟಿದ್ದ. ಅವನ್ನ ಹಂಚ್ಲಿಲ್ಲ, ಅಂಗಡಿ ಮೇಲಿನ ಶೆಲ್ಫಲ್ಲಿದೆ. ಗೂಗಲ್‌ನಿಂದ ಒಂದು ಫೋಟೊ ಎತ್ತಿ ಹಾಕ್ರಿ ಅಂತ ಯಾರಾದ್ರೂ ಬಂದ್ರೆ ಒಂದು ಕೆಳಗಿಳಿಸಿ ತೋರಿಸ್ತೀನಿ.